ರಾಜರ ಹೆಸರೇ ಹಾಲ್‌ಮಾರ್ಕ್ ಆಗಿದ್ದ ಕಾಲ

ಅಂಗಡಿ ಬೋರ್ಡಿನ ಮೇಲೆ ‘ಮಹಾರಾಜರ ಆಭರಣ ವ್ಯಾಪಾರಿಗಳು’ ಅಂತ ಬರೆದಿದ್ದರೆ ನಾವು ಅದನ್ನು ಗತ್ತು ಅಂದ್ಕೊಳ್ತೀವಿ. ಆದರೆ ಅದರ ಹಿಂದೆ ಇರೋದು ಗತ್ತಲ್ಲ, ಒಂದು ಲೆಕ್ಕಾಚಾರ. ಅದು ನನಗೆ ಅರ್ಥವಾಗಿದ್ದು ಅಂಕೋಲಾದ ಅಗಸೂರಿನಲ್ಲಿ, ನಮ್ಮಜ್ಜಿಯ ಬಳೆಯಿಂದ.

ನನ್ನ ಎಂಜಿನಿಯರಿಂಗ್ ಫೀಸಿಗೆ ಅಜ್ಜಿ ಎರಡು ಬಳೆ ಬಿಚ್ಚಿಕೊಟ್ಟಿದ್ದರು. ಅಡವಿಡಲು ಹೋದಾಗ ಚಿನ್ನ ಪರೀಕ್ಷಿಸುವವರು ಒರೆಗಲ್ಲಿಗೆ ಉಜ್ಜಿ, ಆಸಿಡ್ ಹಾಕಿ, ತಲೆ ಅಲ್ಲಾಡಿಸಿದರು. ಇಪ್ಪತ್ತೆರಡು ಕ್ಯಾರೆಟ್ ಅಂತ ಕೊಂಡಿದ್ದು ಅಷ್ಟಿರಲಿಲ್ಲ. ಅಜ್ಜಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ, “ಮೂವತ್ತು ವರ್ಷ ಇದನ್ನ ಚಿನ್ನ ಅಂದ್ಕೊಂಡಿದ್ನಲ್ಲ” ಅಂದರು, ಅಷ್ಟೇ.

ನೋಡಿ, ಸಮಸ್ಯೆ ಇರೋದೇ ಇಲ್ಲಿ. ಚಿನ್ನಕ್ಕೆ ತಾಮ್ರ, ಬೆಳ್ಳಿ ಬೆರೆಸದಿದ್ದರೆ ಒಡವೆ ಗಟ್ಟಿಯಾಗಲ್ಲ. 22 ಕ್ಯಾರೆಟ್ ಅಂದರೆ ನೂರಕ್ಕೆ ಸುಮಾರು 91.6 ಪಾಲು ಚಿನ್ನ, ಉಳಿದಿದ್ದು ಬೆರಕೆ. ಆ ಬೆರಕೆ ಎಷ್ಟು ಅಂತ ಕಣ್ಣಿಗೆ ಕಾಣಲ್ಲ. ಮಾಡಿದವನಿಗೆ ಗೊತ್ತು, ಕೊಂಡವರಿಗೆ ಗೊತ್ತಿಲ್ಲ. ಹಾಗಾದರೆ ನಂಬೋದು ಯಾರನ್ನ?

ಬೆಂಗಳೂರಿನ ಸಿ. ಕೃಷ್ಣಯ್ಯ ಚೆಟ್ಟಿ ಮನೆತನದ ಅಂಗಡಿ ಶುರುವಾಗಿದ್ದು 1869ರಲ್ಲಿ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಮೈಸೂರು ಅರಮನೆ ಈ ಮನೆತನದ ಗಿರಾಕಿಯಾಯಿತು. ಅರಮನೆಯ ಖಜಾನೆಗೆ ಪರೀಕ್ಷೆ ಮಾಡಿಸುವ ತಾಕತ್ತಿದೆ, ಮೋಸ ಮಾಡಿದವನಿಗೆ ಉಳಿಗಾಲವಿಲ್ಲ. ಹಾಗಾಗಿ ‘ಅರಮನೆಗೇ ಒಡವೆ ಕೊಡ್ತಾರೆ’ ಅನ್ನೋ ಮಾತು ಬೀದಿಯ ಗಿರಾಕಿಗೂ ಗ್ಯಾರಂಟಿ ಆಯಿತು. ರಾಜರ ಹೆಸರೇ ಆಗಿನ ಹಾಲ್‌ಮಾರ್ಕ್!

ಆದರೆ ರಾಜರನ್ನೇ ನೆಚ್ಚಿಕೊಂಡರೆ ಅಪಾಯವೂ ಉಂಟು. 1928ರಲ್ಲಿ ಪಟಿಯಾಲಾ ಮಹಾರಾಜರಿಗೆ ಪ್ಯಾರಿಸ್ಸಿನ ಕಾರ್ಟಿಯೆ ಮಾಡಿಕೊಟ್ಟ ಹಾರದಲ್ಲಿ ಸುಮಾರು 2,930 ವಜ್ರಗಳಿದ್ದವು. ಸ್ವಾತಂತ್ರ್ಯದ ಹಿಂದೆಯೇ ಹಾರ ಕಾಣೆಯಾಯಿತು. 1998ರಲ್ಲಿ ಲಂಡನ್ನಿನಲ್ಲಿ ಸಿಕ್ಕಿದಾಗ ದೊಡ್ಡ ಕಲ್ಲುಗಳೇ ಇರಲಿಲ್ಲ. 1971ರಲ್ಲಿ ರಾಜಧನವೂ ರದ್ದಾಯಿತು. ಉಳಿದುಕೊಂಡ ಅಂಗಡಿಗಳು ಮದುವೆ ಮನೆಯ ಗಿರಾಕಿಗಳನ್ನು ನಂಬಿದವು.

ದೊಡ್ಡ ಅಂಗಡಿಗಳೇನೋ ದಾಟಿಕೊಂಡವು. ಊರಿನ ಅಕ್ಕಸಾಲಿಗ? 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮ, 14 ಕ್ಯಾರೆಟ್ ಮೀರಿದ ಹೊಸ ಒಡವೆ ಮಾಡಬಾರದು ಅಂದಿತು. ಹದಿನಾಲ್ಕು ಕ್ಯಾರೆಟ್ ತಾಳಿ ಕಟ್ಟಿಸೋರು ಯಾರು? ದೇಶದ ತುಂಬ ಸಾವಿರಾರು ಅಕ್ಕಸಾಲಿಗರ ಕುಲುಮೆ ಆರಿತು. ಆ ನಿರ್ಬಂಧ 1966ರಲ್ಲಿ ಸಡಿಲವಾಯಿತು, ಚಿನ್ನ ನಿಯಂತ್ರಣ ಕಾಯ್ದೆ ಹೋಗಿದ್ದು 1990ರಲ್ಲಿ. ಅರಮನೆಯ ಒಡವೆಯನ್ನೂ ಮಾಡಿದ್ದು ಇಂಥ ಕೈಗಳೇ. ಬೋರ್ಡಿನ ಮೇಲೆ ಮಾತ್ರ ಅವರ ಹೆಸರಿಲ್ಲ.

2021ರ ಜೂನ್‌ನಲ್ಲಿ ಮೊದಲ ಹಂತವಾಗಿ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಈಗ ಹಾಲ್‌ಮಾರ್ಕ್ ಇರೋ ಒಡವೆ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇರುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಶುದ್ಧತೆ ಎಷ್ಟು ಅಂತ ತೋರಿಸುತ್ತೆ. ಮಹಾರಾಜರ ಖಜಾನೆಗೆ ಮಾತ್ರ ಇದ್ದ ಹಕ್ಕು ಅಗಸೂರಿನ ಅಜ್ಜಿಗೂ ಬಂದಿದೆ. ದಯವಿಟ್ಟು ಬಳಸಿ. ಬಿಲ್ಲು ಕೇಳಿ, ಗುರುತು ನೋಡಿ. ನಾಚಿಕೊಳ್ಳಬೇಡಿ.

ನಮ್ಮಜ್ಜಿ ಕೇಳಿರಲಿಲ್ಲ. ಕೇಳಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.