ಪೆನ್ನು ನಿಂತಲ್ಲಿಂದ ಟೈಂಟೇಬಲ್ ಶುರು

ಎಸ್ಸೆಸ್ಸೆಲ್ಸಿ ಪಾಸಾದ ದಿನವೇ ಗಣಿತದ ಪುಸ್ತಕವನ್ನು ರದ್ದಿಗೆ ಹಾಕಿ ನಿರಾಳವಾದವರು ಒಮ್ಮೆ ಧಾರವಾಡದ ಸಪ್ತಾಪುರದ ಕಡೆ ಬಂದು ನೋಡಬೇಕು. ಡಿಗ್ರಿ ಮುಗಿಸಿ, ಊರು ಬಿಟ್ಟು ಬಂದು, ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರ ಮುಂದೆ ಅದೇ ಹತ್ತನೇ ತರಗತಿಯ ಗಣಿತ ಮತ್ತೆ ಬಂದು ಕೂತಿರುತ್ತದೆ. ರೈಲ್ವೆ ಗ್ರೂಪ್ ‘ಡಿ’ ಪರೀಕ್ಷೆಯ 100 ಪ್ರಶ್ನೆಗಳಲ್ಲಿ 25 ಗಣಿತದವು. ಎಸ್‌ಎಸ್‌ಸಿ ಜಿ.ಡಿ. ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ 80ಕ್ಕೆ 20. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಲಿಖಿತ ಪರೀಕ್ಷೆಯೇ ಇಲ್ಲ, ಹತ್ತನೇ ತರಗತಿಯ ಅಂಕಗಳ ಮೇಲೇ ಆಯ್ಕೆ. ಅದಕ್ಕೂ ಗಣಿತ ಪಾಸಾಗಿರಲೇಬೇಕು.

ಹಾಗಾಗಿ ಹತ್ತನೇ ತರಗತಿಯ ಗಣಿತದ ರಿವಿಜನ್ ಹೇಗೆ ಮಾಡಬೇಕು ಎಂಬುದು ಹೈಸ್ಕೂಲು ಮಕ್ಕಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ತಮ್ಮನೋ ತಂಗಿಯೋ ಹತ್ತನೇ ತರಗತಿಯಲ್ಲಿದ್ದರೆ, ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹಿಡಿದು ಬರುವುದು ಕಾಲೇಜಿಗೆ ಹೋಗುವ ನಮ್ಮ ಬಳಿಯೇ.

24 ದಿನಗಳ ಅವಕಾಶ

2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಶುರುವಾಗಿತ್ತು. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಬಂದದ್ದು ಮೇ 2ಕ್ಕೆ. ಪಾಸಾದವರು ಶೇ 66.14, ಅಂದರೆ ಪ್ರತಿ ಮೂವರಲ್ಲಿ ಒಬ್ಬರು ಉಳಿದರು. ಮೇ 26ಕ್ಕೆ ಪರೀಕ್ಷೆ-2 ಶುರು. ನಡುವೆ ಸಿಕ್ಕಿದ್ದು 24 ದಿನ.

ಹುಬ್ಬಳ್ಳಿಯ ನಮ್ಮ ಓಣಿಯಲ್ಲೂ ಹಾಗೆ ಉಳಿದ ಒಬ್ಬ ಹುಡುಗಿ ಇದ್ದಳು. ಐದು ವಿಷಯ ಪಾಸು, ಗಣಿತ ಒಂದೇ ಬಾಕಿ. ‘ಆಕಿ ತಲಿಗೆ ಲೆಕ್ಕ ಹತ್ತಂಗಿಲ್ಲ ಬಿಡವಾ, ಇನ್ನ ಮನ್ಯಾಗ ಇರ್ಲಿ’ ಎಂದು ಅವರಪ್ಪ ನನ್ನ ಮುಂದೆಯೇ ಹೇಳಿದರು. ಸಿಟ್ಟಿನಿಂದಲ್ಲ, ಬೇಸರದಿಂದ. ಈ ಕಡೆ ಒಂದು ಹುಡುಗಿ ‘ಮನ್ಯಾಗ ಇರ್ಲಿ’ ಎಂದರೆ ಮುಂದಿನ ಮಾತು ಯಾವುದು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅವಳ ಆ 24 ದಿನಗಳನ್ನು ಹೊಂದಿಸಿದ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಓದಬೇಡಿ, ಬರೆಯಿರಿ

ಸಾಮಾನ್ಯವಾಗಿ ಟೈಂಟೇಬಲ್ ಎಂದರೆ ಸೋಮವಾರ ಮೊದಲ ಅಧ್ಯಾಯ, ಮಂಗಳವಾರ ಎರಡನೆಯದು. ಹೀಗೆ ಹೊರಟರೆ ಬರುವ ಲೆಕ್ಕಗಳ ಮೇಲೂ ಬಾರದವುಗಳ ಮೇಲೂ ಒಂದೇ ಸಮಯ ಖರ್ಚಾಗುತ್ತದೆ. ಅದರ ಬದಲು ಮೊದಲ ಎರಡು ದಿನ ಪುಸ್ತಕ ಮುಚ್ಚಿಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆಯಬೇಕು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳೂ ಕೀ ಉತ್ತರಗಳೂ ಸಿಗುತ್ತವೆ. ಬರೆದಾದ ಮೇಲೆ ಪ್ರಶ್ನೆಗಳನ್ನು ಮೂರು ಗುಂಪು ಮಾಡಿ: ಪೂರ್ತಿ ಬರುವವು, ಅರ್ಧಕ್ಕೆ ನಿಲ್ಲುವವು, ಬಾರದೇ ಇರುವವು. ಮುಂದಿನ ಹತ್ತು ದಿನಗಳ ಹೆಚ್ಚಿನ ಸಮಯ ಅರ್ಧಕ್ಕೆ ನಿಲ್ಲುವ ಗುಂಪಿಗೆ ಸಲ್ಲಬೇಕು. ಕಡಿಮೆ ಶ್ರಮಕ್ಕೆ ಹೆಚ್ಚು ಅಂಕ ಸಿಗುವುದು ಅಲ್ಲಿಯೇ.

ಅರ್ಧಕ್ಕೆ ಎಲ್ಲಿ ನಿಂತಿತು ಎಂದು ನೋಡುವುದೂ ಮುಖ್ಯ. ಆ ಹುಡುಗಿ 2x² − 5x + 3 = 0 ಬಿಡಿಸುವಾಗ ಸೂತ್ರ ಸರಿಯಾಗಿಯೇ ಬರೆದಿದ್ದಳು. ಆದರೆ b = −5 ಆದಾಗ −b ಎಂದರೆ +5 ಎಂಬುದು ತಪ್ಪಿತು. ಹಾಗಾಗಿ 1 ಮತ್ತು 3/2 ಬರುವಲ್ಲಿ −1 ಮತ್ತು −3/2 ಬಂದವು. ಅವಳಿಗೆ ಬಾರದಿದ್ದದ್ದು ವರ್ಗ ಸಮೀಕರಣವಲ್ಲ, ಕೆಳಗಿನ ತರಗತಿಯ ಋಣ ಚಿಹ್ನೆ. ಎರಡು ಸಂಜೆ ಬರೀ ಚಿಹ್ನೆ ಮತ್ತು ಭಿನ್ನರಾಶಿಗಳ ಲೆಕ್ಕ ಮಾಡಿದೆವು. ವರ್ಗ ಸಮೀಕರಣದ ಜೊತೆಗೆ ಸಮಾಂತರ ಶ್ರೇಢಿಯೂ ನಿರ್ದೇಶಾಂಕ ರೇಖಾಗಣಿತವೂ ಹಗುರಾದವು. ‘ಗಣಿತ ಬರಲ್ಲ’ ಎನ್ನುವ ಅನೇಕರಿಗೆ ನಿಜವಾಗಿ ಬಾರದಿರುವುದು ಇಂಥ ಒಂದೆರಡು ಸಣ್ಣ ಸಂಗತಿ.

80 ಅಂಕದ ಲೆಕ್ಕ

ಇತ್ತೀಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆಗಳು, 80 ಅಂಕ. ಒಂದು ಅಂಕದ ಪ್ರಶ್ನೆಗಳು 16, ಎರಡು ಅಂಕದವು 8. ಅಂದರೆ 32 ಅಂಕ ಸಣ್ಣ ಪ್ರಶ್ನೆಗಳಲ್ಲೇ ಇವೆ. ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು ಒಂದೇ. ಆ ಒಂದಕ್ಕೆ ಹೆದರಿ ಉಳಿದ 75 ಅಂಕ ಮರೆಯುವವರಿದ್ದಾರೆ. ಓದಿಕೊಳ್ಳಲು ಕೊಡುವ 15 ನಿಮಿಷ ಬಿಟ್ಟರೆ ಬರೆಯಲು ಮೂರು ಗಂಟೆ. ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ಗಡಿಯಾರ ಮುಂದಿಟ್ಟುಕೊಂಡರೆ ಈ ಅಳತೆ ಕೈಗೆ ಹತ್ತುತ್ತದೆ. ಉತ್ತರ ತಪ್ಪಾದರೂ ಸೂತ್ರಕ್ಕೆ, ಬೆಲೆ ಹಾಕಿದ ಹಂತಕ್ಕೆ ಅಂಕ ಇರುತ್ತದೆ. ಆದ್ದರಿಂದ ಖಾಲಿ ಬಿಡುವುದಕ್ಕಿಂತ ಗೊತ್ತಿರುವಷ್ಟು ಬರೆಯುವುದು ಲೇಸು.

ಕಲಸಿ ಬಿಡಿಸಿ

ಈ ಎರಡು ಲೆಕ್ಕ ನೋಡಿ. 5 ಮೀಟರ್ ಕಂಬದ ನೆರಳು 3 ಮೀಟರ್ ಇದ್ದಾಗ, ಗೋಪುರದ ನೆರಳು 21 ಮೀಟರ್. ಗೋಪುರದ ಎತ್ತರ ಎಷ್ಟು? ಗೋಪುರದ ಬುಡದಿಂದ 21 ಮೀಟರ್ ದೂರದಲ್ಲಿ ನಿಂತಾಗ ತುದಿಯ ಉನ್ನತ ಕೋನ 60 ಡಿಗ್ರಿ, ಎತ್ತರ ಎಷ್ಟು? ಎರಡೂ ಗೋಪುರವೇ. ಮೊದಲನೆಯದು ಸಮರೂಪ ತ್ರಿಭುಜದ್ದು, ಉತ್ತರ 35 ಮೀಟರ್. ಎರಡನೆಯದು ತ್ರಿಕೋನಮಿತಿಯದು, ಉತ್ತರ 21√3 ಮೀಟರ್. ಒಂದೇ ಅಧ್ಯಾಯದ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಮಾಡುವಾಗ ಯಾವ ವಿಧಾನ ಎಂದು ಯೋಚಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಮೊದಲು ಬೇಕಾಗುವುದೇ ಅದು.

ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಘನಫಲದ ಲೆಕ್ಕಗಳನ್ನು ಒಂದೊಂದೇ ಬಗೆಯಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಅವರು ಗಳಿಸಿದ್ದು ಶೇ 20, ಕಲಸಿ ಅಭ್ಯಾಸ ಮಾಡಿದವರು ಶೇ 63. ಅದಕ್ಕಾಗಿ ಮೂರನೇ ವಾರ ದಿನಕ್ಕೆ ಹತ್ತು ಲೆಕ್ಕ, ಹತ್ತೂ ಬೇರೆ ಬೇರೆ ಅಧ್ಯಾಯದವು. ಚೀಟಿ ಎತ್ತಿ ಬಿಡಿಸುತ್ತಿದ್ದೆವು. ಮೊದಲೆರಡು ದಿನ ಆರು ತಪ್ಪಾದವು. ಈ ಹಂತದಲ್ಲಿ ತಪ್ಪುವುದು ಸಹಜ, ಇಲ್ಲಿ ಕೈಬಿಡಬಾರದು. ಕೊನೆಯ ಐದು ದಿನಗಳಲ್ಲಿ ಮೂರು ಪೂರ್ತಿ ಪತ್ರಿಕೆ, ಪರೀಕ್ಷೆಯ ಸಮಯಕ್ಕೇ ಬರೆಯುವುದು. ಪ್ರಮೇಯಗಳನ್ನು ಚಿತ್ರ ಸಮೇತ ನೋಡದೇ ಬರೆಯುವುದು.

ಆ ಹುಡುಗಿ ಪರೀಕ್ಷೆ-2ರಲ್ಲಿ ಪಾಸಾದಳು. ಅಂಕ ಬಹಳವೇನೂ ಇಲ್ಲ. ಆದರೆ ಈಗ ಪಿಯು ಕಾಲೇಜಿಗೆ ಹೋಗುತ್ತಿದ್ದಾಳೆ, ಮನೆಯಲ್ಲಿ ಬೇರೆ ಮಾತು ಸದ್ಯಕ್ಕೆ ನಿಂತಿದೆ.

ನಮಗೂ ಇದೇ ದಾರಿ

ನೌಕರಿಗೆ ಓದುತ್ತಿರುವ ಗೆಳೆಯರಿಗೂ ಇದೇ ಮಾತು ಹೊಂದುತ್ತದೆ. ರೈಲ್ವೆ ಗ್ರೂಪ್ ‘ಡಿ’ಯಲ್ಲಿ 100 ಪ್ರಶ್ನೆಗಳಿಗೆ ಸಿಗುವುದು 90 ನಿಮಿಷ. ದಿನವಿಡೀ ಯೂಟ್ಯೂಬ್‌ನಲ್ಲಿ ಮೇಷ್ಟ್ರು ಲೆಕ್ಕ ಬಿಡಿಸುವುದನ್ನು ನೋಡಿದರೆ ಎಲ್ಲ ತಿಳಿದಂತೆ ಅನಿಸುತ್ತದೆ. ಆದರೆ ಅಲ್ಲಿ ಬಿಡಿಸುತ್ತಿರುವುದು ಮೇಷ್ಟ್ರು, ನಾವಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವಾಗ ಸೂತ್ರ ನೆನಪು ಮಾಡಿಕೊಳ್ಳಬಹುದು. ಲೆಕ್ಕಕ್ಕೆ ಮಾತ್ರ ಪೆನ್ನು, ಹಾಳೆ ಬೇಕೇ ಬೇಕು.

ಬಣ್ಣದ ಪೆನ್ನಿನಲ್ಲಿ ಟೈಂಟೇಬಲ್ ಬರೆಯುವ ಮೊದಲು ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು ಪುಸ್ತಕ ಮುಚ್ಚಿಟ್ಟು ಕೂರಿ. ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಗುರುತು ಹಾಕಿ. ನಾಳೆಯ ಓದು ಅಲ್ಲಿಂದ ಶುರುವಾಗಲಿ.