ಬಂದರು ಮುಷ್ಕರ ಹೇಳಿಯೇ ಬರ್ತೈತಿ: ಕೈಯಲ್ಲಿರುವ ಹದಿನಾಲ್ಕು ದಿನದಾಗ ಏನು ಮಾಡಬೇಕು?

ಧಾರವಾಡದ ಸಪ್ತಾಪುರದಿಂದ ಮಾತಾಡಾಕತ್ತೀನಿ. ಈ ಕಂತಿನ ವಿಷಯ ಬಂದರು ಮುಷ್ಕರ. ಬಂದರು ನಿಂತರೆ ಸರಕಿಗೆ ಏನಾಗುತ್ತದೆ, ರೊಕ್ಕ ಯಾರ ಕಿಸೆಯಿಂದ ಹೋಗುತ್ತದೆ, ಅದನ್ನು ಕಡಿಮೆ ಮಾಡೋದು ಹೆಂಗ, ಇಷ್ಟು ನೋಡೋಣು. ಬಿ.ಕಾಂ ಓದೋರಿಗೆ, ಕೆಎಎಸ್ ತಯಾರಿ ನಡೆಸಿದೋರಿಗೆ, ಮನೆಯಾಗ ಸಣ್ಣ ವ್ಯಾಪಾರ ಇದ್ದೋರಿಗೆ, ಮೂವರಿಗೂ ಕೆಲಸಕ್ಕೆ ಬರೋ ಮಾತು ಇದು.

ಸಮುದ್ರ ಇಲ್ಲದ ಊರಿನಾಗ ಕುಂತು ಬಂದರಿನ ಮಾತು ಯಾಕ ಅಂತ ಕೇಳಬಹುದು. ಸಪ್ತಾಪುರದಿಂದ ಸ್ವಲ್ಪ ನಡೆದರೆ ಕರ್ನಾಟಕ ಕಾಲೇಜು ಸಿಗುತ್ತದೆ, ಅಲ್ರೀ? ಅದರ ಹಳೆಯ ಕಟ್ಟಡವನ್ನು ಕಾಲೇಜಿಗೆ ಅಂತ ಕಟ್ಟಿದ್ದಲ್ಲ. ಅದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ಆ ಕಂಪನಿಯ ಹಳಿ 1880ರ ದಶಕದಲ್ಲಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವಾದ ಮಾರ್ಮಗೋವಾ ಬಂದರಿನ ಹಳಿಯನ್ನು ಕೂಡಿಕೊಂಡಿತು. ನಮ್ಮ ಕಡೆಯ ಹತ್ತಿ ಹಡಗು ಮುಟ್ಟಿದ್ದು ಹಿಂಗ. ಇವತ್ತು ಹತ್ತಿಯ ಜೊತೆಗೆ ಬ್ಯಾಡಗಿ ಮೆಣಸಿನಕಾಯಿ, ಬೆಳಗಾವಿಯ ಎರಕದ ಬಿಡಿಭಾಗ, ಘಟ್ಟದ ಕಾಫಿ ಕೂಡ ಅದೇ ಸಮುದ್ರದ ಕಡೆ ಮುಖ ಮಾಡಿವೆ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯೋದು ಕರ್ನಾಟಕದಾಗ. ಬಂದರಿನ ಗೇಟು ಮುಚ್ಚಿದರೆ ಅದರ ಬಿಸಿ ಘಟ್ಟ ಹತ್ತಿ ಮೇಲೆ ಬರುತ್ತದೆ.

2024ರ ಆಗಸ್ಟ್: ಒಂದು ದಿನದಲ್ಲಿ ತಪ್ಪಿದ್ದು

2024ರ ಆಗಸ್ಟ್ 28ರಿಂದ ದೇಶದ ಪ್ರಮುಖ ಬಂದರುಗಳಲ್ಲಿ ಅನಿರ್ದಿಷ್ಟ ಮುಷ್ಕರ ಮಾಡುತ್ತೇವೆ ಎಂದು ಬಂದರು ಕಾರ್ಮಿಕರ ಒಕ್ಕೂಟಗಳು ಘೋಷಿಸಿದ್ದವು. ಸುಮಾರು 20,000 ಕಾರ್ಮಿಕರ ಪ್ರಶ್ನೆ ಅದು. ಮುಖ್ಯ ಬೇಡಿಕೆ ವೇತನ ಪರಿಷ್ಕರಣೆ. ಮುಷ್ಕರದ ಹಿಂದಿನ ದಿನ, ಆಗಸ್ಟ್ 27ಕ್ಕೆ, ಒಪ್ಪಂದ ಆಯಿತು. ಶೇ 8.5ರ ಫಿಟ್‌ಮೆಂಟ್ ಕೊಡಬೇಕು, ಅದು 2022ರ ಜನವರಿ 1ರಿಂದಲೇ ಲೆಕ್ಕಕ್ಕೆ ಬರಬೇಕು ಅಂತ ತೀರ್ಮಾನ ಆಗಿ ಮುಷ್ಕರ ಕೈಬಿಟ್ಟರು.

ಇಲ್ಲಿ ಒಂದು ದಿನಾಂಕ ಗಮನಿಸ್ರಿ. ಹಳೆಯ ವೇತನ ಒಪ್ಪಂದ ಮುಗಿದದ್ದು 2021ರ ಡಿಸೆಂಬರ್ 31ಕ್ಕೆ. ಹೊಸದು ಕೈಗೆ ಸಿಕ್ಕಿದ್ದು 2024ರ ಆಗಸ್ಟ್ ಕೊನೆಗೆ. ನಡುವೆ ಎರಡು ವರ್ಷ ಎಂಟು ತಿಂಗಳು. ಕಾರ್ಮಿಕರು ಏಕಾಏಕಿ ಎದ್ದು ನಿಂತರು ಅಂತ ಸುದ್ದಿಯಲ್ಲಿ ಅನ್ನಿಸಬಹುದು. ಆದರೆ ಅಷ್ಟು ದಿನ ಹಳೆಯ ಪಗಾರದ ಮೇಲೆ ಕ್ರೇನು, ಟಗ್ಗು ನಡೆಸಿದೋರೂ ಅವರೇ. ಮುಷ್ಕರ ಅನ್ನೋದು ಚಂಡಮಾರುತ ಅಲ್ಲ. ಅದು ಬಹಳ ದಿನದಿಂದ ಕ್ಯಾಲೆಂಡರಿನಾಗ ಕುಂತಿರ್ತೈತಿ.

ಅಮೆರಿಕದಲ್ಲೂ ಇದೇ ಆಯಿತು. ಅಲ್ಲಿನ ಪೂರ್ವ ಕರಾವಳಿಯ ಬಂದರು ಕಾರ್ಮಿಕರ ಒಪ್ಪಂದ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಕ್ಟೋಬರ್ 1ಕ್ಕೆ ಮುಷ್ಕರ ಶುರು. 36 ಬಂದರು, ಸುಮಾರು 45,000 ಕಾರ್ಮಿಕರು. 1977ರ ನಂತರ ಆ ಕರಾವಳಿಯಲ್ಲಿ ಅಂಥ ಮುಷ್ಕರ ಅದೇ ಮೊದಲು. ಮೂರನೇ ದಿನಕ್ಕೆ, ಆರು ವರ್ಷದಲ್ಲಿ ಶೇ 62ರಷ್ಟು ವೇತನ ಹೆಚ್ಚಳದ ತಾತ್ಕಾಲಿಕ ಒಪ್ಪಿಗೆಯ ಮೇಲೆ ಕೆಲಸ ಮತ್ತೆ ಶುರು ಆಯಿತು. ಅಲ್ಲಿನ ದೊಡ್ಡ ದೊಡ್ಡ ಆಮದುದಾರರು ದಿನಾಂಕ ನೋಡಿಕೊಂಡು ಹಬ್ಬದ ಸರಕನ್ನು ಮುಂಚೆಯೇ ತರಿಸಿಕೊಂಡಿದ್ದರು. ಪೆಟ್ಟು ಬಿದ್ದದ್ದು ದಿನಾಂಕ ನೋಡದೇ ಇದ್ದವರಿಗೆ.

ಮೂರು ದಿನದ ಮುಷ್ಕರ, ಹದಿನೈದು ದಿನದ ಸರದಿ

"ಮೂರು ದಿನ ತಾನೇ, ನಾಲ್ಕನೇ ದಿನ ಸರಿಹೋಗ್ತೈತಿ" ಅನ್ನೋದು ಸಾಮಾನ್ಯ ಲೆಕ್ಕ. ಅದು ಯಾಕ ತಪ್ಪು ಅಂತ ಒಂದು ಊಹೆಯ ಬಂದರು ಇಟ್ಟುಕೊಂಡು ನೋಡೋಣು.

ಆ ಬಂದರಿಗೆ ದಿನಕ್ಕೆ 500 ಕಂಟೇನರ್ ಬರುತ್ತವೆ ಅಂತ ಇಟ್ಟುಕೊಳ್ರಿ. ಪೂರ್ತಿ ಓಡಿಸಿದರೆ ದಿನಕ್ಕೆ 600 ಸಾಗಿಸುವ ತಾಕತ್ತು ಐತಿ. ಮೂರು ದಿನ ಬಂದ್ ಆದರೆ ಬಾಕಿ 1,500. ನಾಲ್ಕನೇ ದಿನ ಗೇಟು ತೆರೆದಾಗ 600 ಸಾಗಿಸ್ತಾರ, ಆದರೆ ಅವತ್ತಿನ ಹೊಸ 500 ಬಂದೇ ಬರ್ತಾವ. ಅಂದ್ರ ಬಾಕಿಯೊಳಗೆ ದಿನಕ್ಕೆ ಕರಗೋದು ಬರೀ 100. 1,500 ಕರಗಲು ಹದಿನೈದು ದಿನ ಬೇಕು. ತಾಕತ್ತು 550 ಮಾತ್ರ ಇದ್ದರೆ ಮೂವತ್ತು ದಿನ. ಮುಷ್ಕರ ಎಷ್ಟು ದಿನ ನಡೆಯಿತು ಅನ್ನೋದಕ್ಕಿಂತ ಬಂದರಿನಲ್ಲಿ ಖಾಲಿ ತಾಕತ್ತು ಎಷ್ಟಿತ್ತು ಅನ್ನೋದೇ ನಿಮ್ಮ ಸರಕಿನ ಭವಿಷ್ಯ ಹೇಳುತ್ತದೆ.

ಇದರ ಮೇಲೆ ಇನ್ನೆರಡು ತೊಂದರೆ. ಒಂದು, ಹಡಗು ಕಾಯೋದಿಲ್ಲ. ಬಂದರು ಬಂದ್ ಅಂತ ಗೊತ್ತಾದರೆ ಆ ಬಂದರನ್ನು ಬಿಟ್ಟು ಮುಂದಿನ ಬಂದರಿಗೆ ಹೋಗಿಬಿಡುತ್ತದೆ. ನಿಮ್ಮ ಸರಕು ಮುಂದಿನ ವಾರದ ಹಡಗಿಗೆ ಕಾಯಬೇಕು. ಎರಡು, ರಫ್ತಿಗೆ ಬೇಕಾದ ಖಾಲಿ ಕಂಟೇನರ್ ಹೆಚ್ಚಾಗಿ ಬರೋದು ಆಮದು ಸರಕು ಇಳಿದ ಮೇಲೆ. ಆಮದು ನಿಂತರೆ ಖಾಲಿ ಡಬ್ಬಿಯೂ ಸಿಗೂದಿಲ್ಲ. ಬಂದರು ತೆರೆದ ಮೇಲೂ ಒಳನಾಡಿನ ಗೋದಾಮಿನಾಗ ಸರಕು ಕುಂತೇ ಇರ್ತೈತಿ.

ಬೇರೆ ಬಂದರು ಇಲ್ಲೇನ್ರೀ?

ಐತಿ. ಧಾರವಾಡದ ಕಡೆಯವರಿಗೆ ಮಾರ್ಮಗೋವಾ, ನವ ಮಂಗಳೂರು, ಮುಂಬೈ ಪಕ್ಕದ ನ್ಹಾವಾ ಶೇವಾ ಮೂರೂ ಎಟಕುತ್ತವೆ. ಆದರೆ ಮೂರೂ ಕೇಂದ್ರ ಸರ್ಕಾರದ ಪ್ರಮುಖ ಬಂದರುಗಳೇ. ವೇತನ ಒಪ್ಪಂದ ಎಲ್ಲ ಪ್ರಮುಖ ಬಂದರುಗಳಿಗೂ ಸೇರಿ ಆಗುತ್ತದೆ. ಮುಷ್ಕರದ ಕರೆಯೂ ಹಂಗೇ, ಮೂರೂ ಕಡೆ ಒಂದೇ ದಿನ ಮುಟ್ಟುತ್ತದೆ.

ಟರ್ಮಿನಲ್ ಖಾಸಗಿಯವರದು ಅಂತ ಧೈರ್ಯವಾಗಿ ಇರೋದೂ ಕಷ್ಟ. ಮಂಗಳೂರಿನಲ್ಲಿ ಕಂಟೇನರ್ ಟರ್ಮಿನಲ್ ನಡೆಸೋದು ಖಾಸಗಿ ಕಂಪನಿ. ಆದರೆ ಹಡಗನ್ನು ಒಳಗೆ ತರುವ ಪೈಲಟ್ ವ್ಯವಸ್ಥೆ ಬಂದರು ಪ್ರಾಧಿಕಾರದ್ದು. ಅದು ನಿಂತರೆ ಖಾಸಗಿ ಕ್ರೇನು ಸುಮ್ಮನೆ ನಿಲ್ಲುತ್ತದೆ. ಕಾರವಾರ ರಾಜ್ಯ ಸರ್ಕಾರದ ಬಂದರು, ಆದರೆ ಅದು ಕಂಟೇನರ್ ವಹಿವಾಟಿನ ಬಂದರಲ್ಲ. ನಿಜವಾದ ಪರ್ಯಾಯ ಅಂದ್ರ ಗುಜರಾತಿನ ಮುಂದ್ರಾ, ಚೆನ್ನೈ ಹತ್ತಿರದ ಕಾಟುಪಳ್ಳಿಯಂಥ ಖಾಸಗಿ ಬಂದರುಗಳು. ದಾರಿ ಉದ್ದ, ಬಾಡಿಗೆ ಜಾಸ್ತಿ. ಅವಸರದ ಒಂದೆರಡು ಕಂಟೇನರ್‌ಗೆ ಆಗಬಹುದು, ಎಲ್ಲದಕ್ಕೂ ಆಗೂದಿಲ್ಲ.

ಹದಿನಾಲ್ಕು ದಿನ ಎಲ್ಲಿಂದ ಬಂತು?

ಕಾನೂನಿನಿಂದ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಪ್ರಮುಖ ಬಂದರಿನ ಕೆಲಸ ಸಾರ್ವಜನಿಕ ಉಪಯುಕ್ತ ಸೇವೆ ಎನಿಸಿತ್ತು. ನೋಟಿಸ್ ಕೊಡದೆ, ಕೊಟ್ಟು ಹದಿನಾಲ್ಕು ದಿನ ಆಗದೆ ಮುಷ್ಕರ ಮಾಡುವಂತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಹದಿನಾಲ್ಕು ದಿನದ ನಿಯಮವನ್ನು ಎಲ್ಲ ಕೈಗಾರಿಕೆಗಳಿಗೂ ಹಾಕಿದೆ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ ಅನ್ನುತ್ತದೆ. ಪರೀಕ್ಷೆಗೆ ಓದೋರು ಬರಕೊಳ್ರಿ.

ಹಂಗಾದ್ರ ವ್ಯಾಪಾರಸ್ಥನ ಕೈಯಲ್ಲಿ ಎರಡು ವಾರ ಇರ್ತಾವ. ಅಷ್ಟರಾಗ ಏನು ಮಾಡಬೇಕು?

ಮೊದಲನೆಯದು, ಸರಕು ಎಲ್ಲೈತಿ ಅಂತ ಮೂರು ಪಟ್ಟಿ ಮಾಡ್ರಿ: ಗೋದಾಮಿನಲ್ಲಿ ಇರೋದು, ದಾರಿಯಲ್ಲಿ ಇರೋದು, ಬಂದರಿನೊಳಗೆ ಇರೋದು. ಎಲ್ಲಕ್ಕಿಂತ ಕೆಟ್ಟ ಜಾಗ ನಡುವಿನದು, ಅಂದ್ರ ಗೇಟಿನ ಹೊರಗೆ ಲಾರಿ ಮೇಲೆ. ಲಾರಿಗೆ ನಿಲುಗಡೆ ಬಾಡಿಗೆ, ಕಂಟೇನರ್‌ಗೆ ದಂಡ, ಸರಕಿಗೆ ಬಿಸಿಲು. ಮುಷ್ಕರಕ್ಕೆ ಮುಂಚೆ ಹಡಗು ಹತ್ತುವ ಖಾತ್ರಿ ಇದ್ದರೆ ಕಳಿಸ್ರಿ. ಇಲ್ಲಾಂದ್ರ ಗೋದಾಮಿನಲ್ಲೇ ಇರಲಿ. ಮೆಣಸಿನಕಾಯಿಗೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಬಂದರಿನ ತೇವಕ್ಕಿಂತ ಎಷ್ಟೋ ಮೇಲು.

ಎರಡನೆಯದು, ಎಲ್‌ಸಿ ತೆಗೆದು ನೋಡ್ರಿ. ಅದರಲ್ಲಿ ಸರಕು ಹಡಗು ಹತ್ತಬೇಕಾದ ಕಡೆಯ ದಿನಾಂಕ ಇರುತ್ತದೆ. ಬಂದರಿನಲ್ಲಿ ಮುಷ್ಕರ ಆಯಿತು ಅಂತ ಆ ದಿನಾಂಕ ತಾನಾಗೇ ಮುಂದೆ ಹೋಗೂದಿಲ್ಲ. ದಿನಾಂಕ ದಾಟಿದರೆ ಬ್ಯಾಂಕು ದಾಖಲೆ ತಿರಸ್ಕರಿಸಬಹುದು. ಖರೀದಿದಾರರಿಗೆ ಮೊದಲೇ ಮೇಲ್ ಹಾಕಿ ತಿದ್ದುಪಡಿ ಮಾಡಿಸಿಕೊಳ್ಳಬೇಕು. ಮುಷ್ಕರಕ್ಕೆ ಮುಂಚೆ ಕೇಳಿದರೆ ಅದು ವ್ಯವಹಾರದ ಮಾತು. ಆದ ಮೇಲೆ ಕೇಳಿದರೆ ಅವರಿಗೆ ದರ ಇಳಿಸಲು ಒಂದು ನೆವ.

ಮೂರನೆಯದು, ಮಾರಾಟದ ಷರತ್ತು. ಎಫ್‌ಒಬಿ ಆಗಲಿ, ಸಿಐಎಫ್ ಆಗಲಿ, ಸರಕಿನ ಹೊಣೆ ಖರೀದಿದಾರನಿಗೆ ದಾಟೋದು ಅದು ಹಡಗಿನ ಮೇಲೆ ಹತ್ತಿದಾಗ. ಅಲ್ಲಿತನಕ ಕೆಟ್ಟರೆ ನಷ್ಟ ನಿಮ್ಮದೇ. ಎಫ್‌ಸಿಎ ಷರತ್ತಿನಲ್ಲಿ ಒಪ್ಪಿದ ಜಾಗದಲ್ಲಿ ಸಾಗಣೆದಾರನ ಕೈಗೆ ಒಪ್ಪಿಸಿದ ಕೂಡಲೇ ಹೊಣೆ ದಾಟುತ್ತದೆ. ಕಂಟೇನರ್ ಸರಕಿಗೆ ಇದೇ ಹೊಂದುತ್ತದೆ ಅಂತ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಹೇಳಿದರೂ ನಮ್ಮಲ್ಲಿ ರೂಢಿ ಎಫ್‌ಒಬಿಯದೇ. ಮುಂದಿನ ಒಪ್ಪಂದದಲ್ಲಿ ಇದನ್ನು ಕೇಳಿ ನೋಡಲು ರೊಕ್ಕ ಬೀಳೂದಿಲ್ಲ.

ನಾಲ್ಕನೆಯದು, ಫೋರ್ಸ್ ಮಜ್ಯೂರ್. ಕೈಮೀರಿದ ಘಟನೆ ಆದರೆ ಹೊಣೆ ಇಲ್ಲ ಅನ್ನುವ ಕಲಮು ಇದು. ಅದರಲ್ಲಿ ಮುಷ್ಕರ ಅನ್ನುವ ಪದ ಇದೆಯೇ, ಎಷ್ಟು ದಿನದೊಳಗೆ ನೋಟಿಸ್ ಕೊಡಬೇಕು ಅಂತ ಓದಬೇಕು. ಖರ್ಚು ಹೆಚ್ಚಾಯಿತು ಅನ್ನೋದೊಂದೇ ಕಾರಣಕ್ಕೆ ಒಪ್ಪಂದದಿಂದ ಬಿಡುಗಡೆ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಹೇಳಿದೆ. ಮುಷ್ಕರದ ಸುದ್ದಿ ಬಂದ ಮೇಲೆ ಸಹಿ ಹಾಕಿದ ಒಪ್ಪಂದಕ್ಕೆ ಈ ಕಲಮು ಇನ್ನೂ ದುರ್ಬಲ. ಗೊತ್ತಿದ್ದೇ ಸಹಿ ಹಾಕೀರಲ್ಲ ಅಂತ ಎದುರಿನವರು ಕೇಳ್ತಾರ.

ಐದನೆಯದು, ದಂಡದ ಗಡಿಯಾರ. ಕಂಟೇನರ್ ಬಂದರಿನೊಳಗೆ ಉಚಿತ ದಿನ ಮೀರಿ ಕುಂತರೆ ಡೆಮರೇಜ್. ಹೊರಗೆ ನಿಮ್ಮ ಹತ್ತಿರ ಹೆಚ್ಚು ದಿನ ಉಳಿದರೆ ಡಿಟೆನ್ಷನ್. ಮುಷ್ಕರ ಅಂತ ಈ ಗಡಿಯಾರ ತಾನಾಗೇ ನಿಲ್ಲೂದಿಲ್ಲ. ಉಚಿತ ದಿನ ಹೆಚ್ಚಿಸಿ ಅಂತ ಹಡಗು ಕಂಪನಿಗೆ ಲಿಖಿತವಾಗಿ ಕೇಳಬೇಕು, ಫೋನಿನಾಗ ಅಲ್ಲ.

ಆರನೆಯದು, ವಿಮೆ. ಇಲ್ಲಿ ಬಹಳ ಮಂದಿಗೆ ತಪ್ಪು ತಿಳಿವಳಿಕೆ ಐತಿ. ಸಮುದ್ರ ಸಾಗಣೆ ವಿಮೆಗೆ ಮುಷ್ಕರದ ಕಲಮು ಸೇರಿಸಿದರೆ, ಮುಷ್ಕರನಿರತರಿಂದ ಸರಕಿಗೆ ಆದ ಹಾನಿಗೆ ಪರಿಹಾರ ಸಿಗುತ್ತದೆ. ತಡವಾದದ್ದಕ್ಕೆ, ಕೂಲಿಯಾಳು ಸಿಗದೆ ಸರಕು ಕೆಟ್ಟದ್ದಕ್ಕೆ ಸಿಗುವುದಿಲ್ಲ. ಮುಷ್ಕರದಲ್ಲಿ ಸಾಮಾನ್ಯವಾಗಿ ಆಗೋದೇ ಎರಡನೆಯದು.

ಕೊನೆಗೆ ಬ್ಯಾಂಕು. ರಫ್ತಿಗೆ ಅಂತ ಪ್ಯಾಕಿಂಗ್ ಕ್ರೆಡಿಟ್ ಸಾಲ ತಗೊಂಡಿದ್ದರೆ ಸರಕು ನಿಂತರೂ ಬಡ್ಡಿ ನಿಲ್ಲೂದಿಲ್ಲ. ಅವಧಿ ಮೀರುವ ಮುಂಚೆ ಮ್ಯಾನೇಜರ್ ಸಾಹೇಬರಿಗೆ ಹೇಳಿ ವಿಸ್ತರಣೆ ಕೇಳಬೇಕು.

ಮುಷ್ಕರ ಮುಗಿದ ದಿನ ಎಲ್ಲರೂ ಒಮ್ಮೆಲೇ ಲಾರಿ ಬಿಡ್ತಾರ. ನೀವು ಬಿಡಬ್ಯಾಡ್ರಿ. ಮೊದಲು ಯಾವ ಆರ್ಡರಿಗೆ ದಂಡ ಬೀಳ್ತೈತಿ, ಯಾವುದರ ಎಲ್‌ಸಿ ಹತ್ತಿರ ಐತಿ, ಅದು ಹೋಗಲಿ. ಉಳಿದದ್ದು ಸರದಿ ಕರಗಿದ ಮೇಲೆ.

ಕೊನೆಯಲ್ಲಿ ಯಾರ ಮೇಲೆ?

ದೊಡ್ಡ ರಫ್ತುದಾರರಿಗೆ ಹಡಗು ಕಂಪನಿ ಜೊತೆ ವರ್ಷದ ದರ ಇರುತ್ತದೆ. ಸಣ್ಣವನು ಅವತ್ತಿನ ದರ ಕೊಡಬೇಕು. ಅವನ ಗೋದಾಮು ತುಂಬಿದರೆ ಮುಂದಿನ ಟೆಂಡರಿಗೆ ಅವನು ಕೈ ಹಿಡಿತಾನ. ಅಲ್ಲಿಂದ ಪೆಟ್ಟು ರೈತನಿಗೆ. 2024ರ ಮಾರ್ಚಿನಲ್ಲಿ ಮೆಣಸಿನಕಾಯಿ ದರ ಒಮ್ಮೆಲೇ ಬಿದ್ದಾಗ ಬ್ಯಾಡಗಿ ಎಪಿಎಂಸಿ ಕಚೇರಿಗೆ ಬೆಂಕಿ ಬಿದ್ದದ್ದು ನೆನಪಿರಬಹುದು. ಅದಕ್ಕೆ ಬಂದರು ಕಾರಣ ಅಲ್ಲ. ಆದರೆ ಒಂದೇ ದಿನದ ದರ ಇಳಿತವನ್ನು ತಡಕೊಳ್ಳುವ ಶಕ್ತಿ ನಮ್ಮ ರೈತರಲ್ಲಿ ಎಷ್ಟು ಕಡಿಮೆ ಉಳಿದಿದೆ ಅನ್ನೋದು ಅಂದು ಕಂಡಿತು. ಗೇಟಿನಲ್ಲಿ ಆಗುವ ತಡದ ಬೆಲೆ ಮಾರುಕಟ್ಟೆಯ ಚೀಲದ ಮೇಲೆ ಬೀಳೋದು ಹಿಂಗ.

ಹಂಗಂತ ಕಾರ್ಮಿಕರು ಮುಷ್ಕರ ಮಾಡಲೇಬಾರದು ಅನ್ನೋದು ಉತ್ತರ ಅಲ್ಲ. ಒಪ್ಪಂದ ಮುಗಿಯುವ ಮುಂಚೆಯೇ ಮಾತುಕತೆ ಮುಗಿಸೋದು ಉತ್ತರ. ಅದು ನಮ್ಮ ಕೈಯಲ್ಲಿ ಇಲ್ಲ. ದಿನಾಂಕ ನೋಡಿಕೊಳ್ಳೋದು ನಮ್ಮ ಕೈಯಲ್ಲಿ ಐತಿ.

ಅದಕ್ಕ ಒಂದು ದಿನಾಂಕ ಹೇಳಿ ಮುಗಿಸ್ತೀನಿ. 2024ರಲ್ಲಿ ಆದ ಬಂದರು ವೇತನ ಒಪ್ಪಂದ ಐದು ವರ್ಷದ್ದು, 2022ರಿಂದ ಲೆಕ್ಕ. ಮುಗಿಯೋದು 2026ರ ಡಿಸೆಂಬರ್ 31ಕ್ಕೆ. ಮರುದಿನವೇ ಮುಷ್ಕರ ಅಂತಲ್ಲ, ಹೋದ ಸಲ ಮಾತುಕತೆ ಎಷ್ಟು ಎಳೀತು ಅಂತ ಈಗಷ್ಟೇ ಕೇಳಿದಿರಿ. ಆದರೆ ಗಡಿಯಾರ ಅಲ್ಲಿಂದ ಶುರು. ಬ್ಯಾಡಗಿಗೆ ಮೆಣಸಿನಕಾಯಿ ಜೋರಾಗಿ ಬರೋದು ಜನವರಿಯಿಂದ ಮಾರ್ಚ್ ತನಕ, ಘಟ್ಟದಲ್ಲಿ ಕಾಫಿ ಕೊಯ್ಲೂ ಅದೇ ಹೊತ್ತಿಗೆ. ಮನೆಯಾಗ ಯಾರಾದರೂ ಈ ವ್ಯಾಪಾರದಲ್ಲಿದ್ದರೆ ಆ ದಿನಾಂಕವನ್ನು ಅವರ ಫೋನಿನ ಕ್ಯಾಲೆಂಡರಿನಾಗ ಹಾಕಿಕೊಡ್ರಿ.