ಆನೆಮಲೆಯ ಪುಟ್ಟ ಸೂಪರ್‌ಹೀರೋ: ನಿಮಗಿದು ಗೊತ್ತೇ?

2004ರಲ್ಲಿ ತೆರೆಕಂಡ ‘ದಿ ಇನ್‌ಕ್ರೆಡಿಬಲ್ಸ್’ ಅನಿಮೇಷನ್ ಚಿತ್ರದಲ್ಲಿ ಇಡೀ ಮನೆಯೇ ಸೂಪರ್‌ಹೀರೋಗಳದು. ಅಪ್ಪನಿಗೆ ತೋಳ್ಬಲ, ಅಮ್ಮನ ಮೈ ಬೇಕಾದಷ್ಟು ಹಿಗ್ಗುತ್ತದೆ, ಅಕ್ಕ ಕಣ್ಣಿಗೆ ಕಾಣದಂತಾಗುತ್ತಾಳೆ, ಅಣ್ಣ ಓಡಿದರೆ ಹಿಡಿಯುವವರಿಲ್ಲ. ಕೈಗೂಸು ಜ್ಯಾಕ್-ಜ್ಯಾಕ್‌ಗೆ ಮಾತ್ರ ಯಾವ ಶಕ್ತಿಯೂ ಇಲ್ಲವೆಂದೇ ಮನೆಯವರು ತಿಳಿದಿರುತ್ತಾರೆ. 2018ರ ಎರಡನೇ ಭಾಗದಲ್ಲಿ ಆ ಕೂಸು ಹಿತ್ತಲಿಗೆ ಬಂದ ರಕೂನ್ ಜೊತೆ ಕಾದಾಟಕ್ಕಿಳಿದು ಒಂದೊಂದೇ ಶಕ್ತಿಯನ್ನು ಹೊರಗೆಡಹುತ್ತದೆ. ಯಾವುದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ, ಕೂಸಿಗೂ ಗೊತ್ತಿಲ್ಲ.

ಅಂಥ ಮನೆತನಗಳು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕಾಡಿನಲ್ಲಿ ನಿಜವಾಗಿಯೂ ಇವೆ. ಪೊಳ್ಳಾಚಿ, ವಾಲ್ಪಾರೈ, ಉಡುಮಲೈ, ಅಮರಾವತಿ ವಲಯಗಳನ್ನು ಒಳಗೊಂಡ ಆನೆಮಲೆ ಹುಲಿ ಮೀಸಲು ಪ್ರದೇಶ ಅವುಗಳ ಮನೆ. ಅಲ್ಲಿ ಹುಟ್ಟುವ ಪ್ರತಿಯೊಂದು ಆನೆಮರಿಯೂ ಒಬ್ಬ ಜ್ಯಾಕ್-ಜ್ಯಾಕ್.

ಆನೆಮರಿ ತಾಯಿಯ ಹೊಟ್ಟೆಯಲ್ಲಿ 18ರಿಂದ 22 ತಿಂಗಳು ಇರುತ್ತದೆ. ಹುಟ್ಟುವಾಗಲೇ ಸುಮಾರು 100 ಕಿಲೋ ತೂಗುತ್ತದೆ. ಗಂಟೆ ಎರಡು ಗಂಟೆಯೊಳಗೆ ಎದ್ದು ನಿಲ್ಲುತ್ತದೆ.

ಇಷ್ಟೆಲ್ಲ ಬಲವಿದ್ದೂ ತನ್ನ ಸೊಂಡಿಲನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯದು! ಮೊದಲ ವಾರಗಳಲ್ಲಿ ಸೊಂಡಿಲು ಅತ್ತಿತ್ತ ಓಲಾಡುತ್ತದೆ, ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಹೆಬ್ಬೆರಳು ಚೀಪುವಂತೆ ಮರಿ ತನ್ನ ಸೊಂಡಿಲ ತುದಿಯನ್ನು ಬಾಯಿಗಿಟ್ಟು ಚೀಪುವುದೂ ಉಂಟು. ಹಾಲು ಕುಡಿಯುವುದಕ್ಕಂತೂ ಸೊಂಡಿಲು ಬೇಡವೇ ಬೇಡ. ಅದನ್ನು ಪಕ್ಕಕ್ಕೋ ಮೇಲಕ್ಕೋ ಸರಿಸಿ, ತಾಯಿಯ ಮುಂಗಾಲುಗಳ ನಡುವೆ ಇರುವ ಕೆಚ್ಚಲಿಗೆ ನೇರವಾಗಿ ಬಾಯಿ ಹಾಕುತ್ತದೆ.

ಸೊಂಡಿಲ ಶಕ್ತಿ ಯಾವಾಗ ಮೂಡುತ್ತದೆ ಎಂಬ ಲೆಕ್ಕ ಸಿಕ್ಕಿದ್ದು ನಮ್ಮ ಕಬಿನಿ ದಂಡೆಯಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ.ಎನ್.ಸಿ. ವಿದ್ಯಾ ಅವರ ತಂಡ 2009ರಿಂದ ನಾಗರಹೊಳೆ, ಬಂಡೀಪುರದ ಆನೆಗಳನ್ನು ಒಂದೊಂದಾಗಿ ಗುರುತಿಟ್ಟು ಗಮನಿಸುತ್ತಿದೆ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಮರಿ ಹುಟ್ಟಿದ ಮೊದಲ ವಾರದಿಂದಲೇ ಒರಟೊರಟಾಗಿ ಸೊಂಡಿಲು ಆಡಿಸಲು ತೊಡಗುತ್ತದೆ. ಮೂರು ತಿಂಗಳ ಹೊತ್ತಿಗೆ ಹಿಡಿತ ಸಿಗಲಾರಂಭಿಸುತ್ತದೆ. ವರ್ಷ ತುಂಬುವಾಗ ದೊಡ್ಡ ಆನೆಯಷ್ಟೇ ಚಳಕ ಕೈಗೂಡಿರುತ್ತದೆ. ಇನ್ನೊಂದು ಸೊಗಸಿದೆ: ನಮ್ಮಲ್ಲಿ ಎಡಗೈಯವರು, ಬಲಗೈಯವರು ಇರುವ ಹಾಗೆ ಆನೆಗಳಲ್ಲೂ ಸೊಂಡಿಲನ್ನು ಎಡಕ್ಕೆ ಸುತ್ತುವವು, ಬಲಕ್ಕೆ ಸುತ್ತುವವು ಎಂದಿವೆ. ವರ್ಷದ ಮರಿಯಲ್ಲೇ ಆ ಒಲವು ಗಟ್ಟಿಯಾಗಿ ಕಾಣುತ್ತದೆ. ಮನುಷ್ಯರ ಮಕ್ಕಳಲ್ಲಿ ಅದು ನಿಲ್ಲುವುದು ಇನ್ನೂ ತಡವಾಗಿ.

ಕಲಿಯಲು ಒಂದು ವರ್ಷ ಏಕೆ ಬೇಕು? ಸೊಂಡಿಲಲ್ಲಿ ಒಂದೇ ಒಂದು ಮೂಳೆಯಿಲ್ಲ, ಇರುವುದೆಲ್ಲ ಸ್ನಾಯು. ಬರ್ಲಿನ್ನಿನ ವಿಜ್ಞಾನಿಗಳು ತೀರಿಹೋಗಿದ್ದ ಏಷ್ಯಾದ ಆನೆಮರಿಯೊಂದರ ಸೊಂಡಿಲನ್ನು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಅದರಲ್ಲಿ ಸುಮಾರು 90,000 ಸ್ನಾಯುಕಟ್ಟುಗಳಿವೆ ಎಂದು 2023ರಲ್ಲಿ ತಿಳಿಸಿದರು. ಅಷ್ಟನ್ನೂ ಹತೋಟಿಗೆ ತಂದುಕೊಳ್ಳಬೇಕಾದ ಕೂಸಿಗೆ ಒಂದು ವರ್ಷ ಹೆಚ್ಚೆಂದು ನನಗಂತೂ ಅನ್ನಿಸುವುದಿಲ್ಲ.

ನಮ್ಮ ಕಿವಿಗೆ ಬೀಳದ ದನಿಯಲ್ಲಿ ಮಾತಾಡುವುದು ಈ ಮನೆತನದ ಇನ್ನೊಂದು ಶಕ್ತಿ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ಕುಳಿತಿದ್ದ ಸಂಶೋಧಕಿ ಕೇಟಿ ಪೇನ್ ಅವರಿಗೆ ಗಾಳಿಯಲ್ಲಿ ಏನೋ ಮಿಡಿತ ಮೈಗೆ ತಟ್ಟಿತು, ಸದ್ದು ಮಾತ್ರ ಕೇಳಿಸಲಿಲ್ಲ. ಧ್ವನಿಮುದ್ರಣ ಮಾಡಿ ನೋಡಿದಾಗ ಸಿಕ್ಕಿದ್ದು 14ರಿಂದ 24 ಹರ್ಟ್ಸ್‌ನ ಗುಡುಗುಟ್ಟುವ ಕರೆಗಳು. 20 ಹರ್ಟ್ಸ್‌ಗಿಂತ ಕೆಳಗಿನ ದನಿ ಮನುಷ್ಯರ ಕಿವಿಗೆ ದಕ್ಕುವುದಿಲ್ಲ. ಮರೆಯಲ್ಲಿರುವ ಹಿಂಡಿನವರು ಒಬ್ಬರಿನ್ನೊಬ್ಬರನ್ನು ಕೂಗಿಕೊಳ್ಳುವುದು ಹೀಗೆ.

ಮೈಯೊಳಗೇ ಅಡಗಿದ ಶಕ್ತಿಯೂ ಉಂಟು. ಕ್ಯಾನ್ಸರ್ ತಡೆಯಲು ನೆರವಾಗುವ ಟಿಪಿ53 ಎಂಬ ಜೀನ್ ಮನುಷ್ಯರ ಜೀನೋಮಿನಲ್ಲಿ ಒಂದೇ ಒಂದು. ಆನೆಯಲ್ಲಿ ಸುಮಾರು 20 ಪ್ರತಿಗಳಿವೆ. ಇದು ಮರಿಗೆ ಹುಟ್ಟಿನಿಂದಲೇ ಬಂದ ಆಸ್ತಿ, ಕಲಿಯಬೇಕಾದ್ದೇನಿಲ್ಲ.

ಅರಗಿಸುವ ಶಕ್ತಿ ಮಾತ್ರ ಹುಟ್ಟಿನಿಂದ ಬರುವುದಿಲ್ಲ. ಅದಕ್ಕಾಗಿ ಮರಿಯಾನೆ ತನ್ನ ತಾಯಿಯ ಲದ್ದಿ ತಿನ್ನುತ್ತದೆ. ಮೂಗು ಮುರಿಯಬೇಡಿ. ಸೊಪ್ಪುಸದೆ ಅರಗಿಸಲು ಬೇಕಾದ ಸೂಕ್ಷ್ಮಜೀವಿಗಳು ಅದರ ಹೊಟ್ಟೆ ಸೇರುವುದು ಆ ದಾರಿಯಿಂದಲೇ.

ಜ್ಯಾಕ್-ಜ್ಯಾಕ್‌ನನ್ನು ಸಂಭಾಳಿಸಲು ಅಪ್ಪ ಒಬ್ಬನೇ ರಾತ್ರಿಯೆಲ್ಲ ಒದ್ದಾಡುತ್ತಾನೆ. ಆನೆಮರಿಯ ಪಾಲಿಗೆ ಅಪ್ಪ ಹಿಂಡಿನಲ್ಲೇ ಇಲ್ಲ, ಸಲಗ ಬೇರೆ ತಿರುಗುತ್ತಾನೆ. ಮರಿಯನ್ನು ಸಾಕುವುದು ಅಜ್ಜಿ, ಚಿಕ್ಕಮ್ಮ, ದೊಡ್ಡಮ್ಮ, ಅಕ್ಕಂದಿರು. ಮಲಗಿದ ಮರಿಗೆ ನೆರಳು ಕೊಡುವುದು, ಹಳ್ಳ ದಾಟಿಸುವುದು, ಅಪಾಯದ ವಾಸನೆ ಬಂದರೆ ನಡುವೆ ಬಿಟ್ಟುಕೊಂಡು ಸುತ್ತ ಕೋಟೆ ಕಟ್ಟುವುದು ಎಲ್ಲವೂ ಅವರ ಕೆಲಸ. ಶಕ್ತಿಗಳು ತಡವಾಗಿ ಬಂದರೂ ಮರಿ ಬದುಕಿ ಉಳಿಯುವುದು ಈ ಹೆಣ್ಣಾನೆಗಳ ಬಳಗದಿಂದ. ಹಿಂಡು ತಪ್ಪಿದ ಮರಿಗೆ ಎಲ್ಲಕ್ಕಿಂತ ಮೊದಲು ಆ ಬಳಗವನ್ನೇ ಹುಡುಕಿಕೊಡಬೇಕು.

ಅದು ಸಾಧ್ಯವೆಂದು ಆನೆಮಲೆಯ ಅರಣ್ಯ ಸಿಬ್ಬಂದಿ ತೋರಿಸಿಕೊಟ್ಟಿದ್ದಾರೆ. 2023ರ ಡಿಸೆಂಬರ್ ಕೊನೆಯಲ್ಲಿ ವಾಲ್ಪಾರೈ ಕಡೆಯ ಪನ್ನಿಮೇಡು ಎಸ್ಟೇಟಿನ ಬಳಿ ಕೆಲವೇ ತಿಂಗಳ ಮರಿಯೊಂದು ಒಂಟಿಯಾಗಿ ಅಲೆಯುತ್ತಿತ್ತು. ಸಿಬ್ಬಂದಿ ಡ್ರೋನ್ ಹಾರಿಸಿ ಹಿಂಡು ಎಲ್ಲಿದೆಯೆಂದು ಪತ್ತೆ ಮಾಡಿದರು, ಮರಿಯ ಮೈಯಲ್ಲಿ ಮನುಷ್ಯರ ವಾಸನೆ ಉಳಿಯದಂತೆ ಮೈ ತೊಳೆದರು, ಒಯ್ದು ತಾಯಿಯ ಬಳಿ ಬಿಟ್ಟರು. ಬಿಟ್ಟು ಸುಮ್ಮನಾಗಲಿಲ್ಲ, ಹಿಂಡಿನ ಬೆನ್ನಿಗೇ ಇದ್ದು ಕಾದರು. ಆಗ ಸಿಕ್ಕಿದ ಚಿತ್ರವನ್ನು ದೇಶವೇ ನೋಡಿತು: ನೆಲಕ್ಕೊರಗಿದ ತಾಯಿ, ಅವಳನ್ನು ಅಪ್ಪಿಕೊಂಡು ನಿದ್ದೆಹೋದ ಮರಿ.

ಎಲ್ಲ ಬಾರಿಯೂ ಹೀಗಾಗುವುದಿಲ್ಲ. 2024ರ ಮೇ ಕೊನೆಯಲ್ಲಿ ಕೊಯಮತ್ತೂರಿನ ಮರುದಮಲೈ ತಪ್ಪಲಿನಲ್ಲಿ ಹೆಣ್ಣಾನೆಯೊಂದು ಕುಸಿದು ಬಿತ್ತು. ಪಕ್ಕದಲ್ಲೇ ಅದರ ಪುಟ್ಟ ಮರಿ. ವೈದ್ಯರು ಕ್ರೇನ್ ತರಿಸಿ ತಾಯಿಯನ್ನು ಎತ್ತಿ ನಿಲ್ಲಿಸಿ ದಿನಗಟ್ಟಲೆ ಚಿಕಿತ್ಸೆ ಕೊಟ್ಟು ಕಾಡಿಗೆ ಕಳಿಸಿದರು. ಅಷ್ಟರಲ್ಲಿ ಮರಿ ತಾಯಿಯಿಂದ ದೂರವಾಗಿತ್ತು. ಮತ್ತೆ ಮತ್ತೆ ಸೇರಿಸಲು ಯತ್ನಿಸಿದರೂ ಕೈಗೂಡದೆ ಜೂನ್‌ನಲ್ಲಿ ಅದನ್ನು ಮುದುಮಲೆಯ ತೆಪ್ಪಕಾಡು ಶಿಬಿರಕ್ಕೆ ಒಯ್ಯಲಾಯಿತು. ಬಂಡೀಪುರ ದಾಟಿ ಊಟಿ ದಾರಿ ಹಿಡಿದವರಿಗೆ ಈ ಶಿಬಿರ ಗೊತ್ತು. ಇಲ್ಲಿನ ರಘು, ಅಮ್ಮು ಎಂಬ ತಬ್ಬಲಿ ಮರಿಗಳ ಕಥೆ ಹೇಳಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಆಸ್ಕರ್ ಪಡೆಯಿತು.

ಒಂಟಿ ಆನೆಮರಿ ಕಂಡರೆ ಮುಟ್ಟಬೇಡಿ, ಸೆಲ್ಫಿಗೆ ಹತ್ತಿರ ಹೋಗಬೇಡಿ, ಹಸುವಿನ ಹಾಲು ಕುಡಿಸಬೇಡಿ. ಆ ಹಾಲು ಅದಕ್ಕೆ ಒಗ್ಗುವುದಿಲ್ಲ. ತಾಯಿ ಪಕ್ಕದ ಪೊದೆಯಾಚೆಯೇ ಇರಬಹುದು. ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ.

ಆನೆಮಲೆಯ ಟಾಪ್‌ಸ್ಲಿಪ್ ಬಳಿಯ ಕೋಳಿಕಮುತ್ತಿ ಸಾಕಾನೆ ಶಿಬಿರದ ಹೆಮ್ಮೆಯ ಕುಮ್ಕಿ (ಕಾಡಾನೆಗಳನ್ನು ಹಿಡಿಯಲು, ಓಡಿಸಲು ನೆರವಾಗುವ ಪಳಗಿದ ಆನೆ) ಕಲೀಮ್ ಕೂಡ ಒಂದು ಕಾಲಕ್ಕೆ ಮರಿಯೇ. 1972ರಲ್ಲಿ ಸತ್ಯಮಂಗಲದ ಕಾಡಿನಲ್ಲಿ ಸಿಕ್ಕಿದ್ದ ಅವನು ಮುಂದೆ 99 ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡ. 2023ರ ಮಾರ್ಚ್‌ನಲ್ಲಿ, 60ನೇ ವಯಸ್ಸಿಗೆ, ಅರಣ್ಯ ಸಿಬ್ಬಂದಿ ಗೌರವ ವಂದನೆ ಸಲ್ಲಿಸಿ ಅವನನ್ನು ನಿವೃತ್ತಿಗೊಳಿಸಿದರು.

ದೂರ ನಡೆಯುವುದೂ ಒಂದು ಶಕ್ತಿಯೇ. 2019ರ ಜನವರಿಯಲ್ಲಿ ಕೊಯಮತ್ತೂರಿನ ತಡಾಗಂ ಕಣಿವೆಯಲ್ಲಿ ಹಿಡಿದು ಟಾಪ್‌ಸ್ಲಿಪ್ ಆಚೆಯ ಕಾಡಿಗೆ ಬಿಟ್ಟ ಚಿನ್ನತಂಬಿ ಎಂಬ ಸಲಗ ಅಲ್ಲಿ ನಿಲ್ಲಲಿಲ್ಲ. ನಡೆದೂ ನಡೆದೂ ತಿರುಪ್ಪೂರು ಜಿಲ್ಲೆಯ ಉಡುಮಲೈ ಕಬ್ಬಿನ ಗದ್ದೆಗಳಿಗೆ ಬಂದ.

2025ರಲ್ಲಿ ಹೊರಬಂದ, ಡಿಎನ್‌ಎ ಆಧರಿಸಿದ ದೇಶದ ಮೊದಲ ಆನೆ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,013, ತಮಿಳುನಾಡಿನಲ್ಲಿ 3,136 ಆನೆಗಳಿವೆ. ಕೊಯಮತ್ತೂರಿನ ಉತ್ತರದ ಆನೆಗಳು ನಮ್ಮ ಬಂಡೀಪುರದವುಗಳ ನೆಂಟರು. ದಕ್ಷಿಣದ ಆನೆಮಲೆಯವು ಬೇರೆ ಬಳಗ. ನಡುವೆ ಪಾಲಕ್ಕಾಡ್ ಕಣಿವೆ ಬಾಯ್ದೆರೆದುಕೊಂಡಿದೆ, ಎರಡೂ ಕಡೆಯ ಆನೆಗಳ ವಂಶವಾಹಿಯಲ್ಲೇ ಅಂತರ ಕಾಣುತ್ತದೆ.

ಅದೇ ಕಣಿವೆಯಲ್ಲಿ ರೈಲು ಹಳಿಯೂ ಇದೆ. 2021ರ ನವೆಂಬರ್ 26ರ ರಾತ್ರಿ ಮದುಕ್ಕರೈ ಬಳಿಯ ನವಕ್ಕರೈಯಲ್ಲಿ ಮಂಗಳೂರು–ಚೆನ್ನೈ ರೈಲಿಗೆ ಸಿಕ್ಕಿ ಮೂರು ಆನೆಗಳು ಸತ್ತವು. ಯಾವ ಶಕ್ತಿಯೂ ಅವುಗಳ ನೆರವಿಗೆ ಬರಲಿಲ್ಲ. ಆಮೇಲೆ ಅಲ್ಲಿ ಹಳಿಯ ಕೆಳಗೆ ಆನೆ ದಾಟಲು ದಾರಿಗಳನ್ನು ಮಾಡಿದರು. 2024ರ ಫೆಬ್ರುವರಿಯಲ್ಲಿ 12 ಗೋಪುರಗಳ ಮೇಲೆ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳು ಬಂದವು. ಮೈಶಾಖವನ್ನೇ ಗುರುತಿಸುವ ಇವು ಕತ್ತಲಲ್ಲೂ ಆನೆಯನ್ನು ಕಾಣುತ್ತವೆ, ಹಿಂಡು ಹಳಿಯತ್ತ ಬರುತ್ತಿದ್ದರೆ ನಿಯಂತ್ರಣ ಕೊಠಡಿಗೆ ತಿಳಿಸುತ್ತವೆ. ಅಲ್ಲಿಂದ ಸುದ್ದಿ ರೈಲು ಚಾಲಕರಿಗೆ ಮುಟ್ಟುತ್ತದೆ, ರೈಲಿನ ವೇಗ ತಗ್ಗುತ್ತದೆ.